ನಡಿಗೆಯಿಂದ ಓಟಕ್ಕೆ: ಒಂಬತ್ತು ವಾರದ ಆ್ಯಪ್, ಜಪಾನಿ ಪುಟ್ಟ ಹೆಜ್ಜೆ, ಬಲಗಾಲಿನ ಎಣಿಕೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಒಗ್ಗಿದ್ದು ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡುವ ಪದ್ಧತಿ. ಮುಂದೆ ಬರೆದಿರುವುದೆಲ್ಲ ಆ ಕಡೆಗೇ ವಾಲಿಕೊಂಡಿದೆ. ದುಡ್ಡು ಕೊಟ್ಟು ತೆಗೆದುಕೊಂಡ ಆ್ಯಪ್ ಐದನೇ ವಾರಕ್ಕೆ ನನ್ನನ್ನು ಸೋಫಾ ಮೇಲೆ ಕೂರಿಸಿತು. ಆ ಸಿಟ್ಟೂ ಇದರಲ್ಲಿ ಸೇರಿದೆ ಅಂದುಕೊಳ್ಳಿ.

ನನಗೆ 43 ವರ್ಷ. ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಎರಡು ವರ್ಷದಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತಿದ್ದೆ. ದಿನಾ ಮುಕ್ಕಾಲು ಗಂಟೆ. ಮೊದಮೊದಲು ಬೆವರು ಇಳಿಯುತ್ತಿತ್ತು. ಆಮೇಲಾಮೇಲೆ ಅದೂ ನಿಂತಿತು. ಗೆಳತಿಯರ ಜೊತೆ ಮಾತಾಡಿಕೊಂಡು, ಹೆಜ್ಜಾರ್ಲೆ ಹಕ್ಕಿ ನೋಡಿಕೊಂಡು, ಬರುವಾಗ ಒಂದು ಸೆಟ್ ದೋಸೆ ತಿಂದುಕೊಂಡು ಬಂದರೆ ಲೆಕ್ಕ ಸಮ. ಕುವೆಂಪು ಅವರೂ ಇದೇ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಓಡುತ್ತಿದ್ದರು ಅಂತ ಮಾತ್ರ ಯಾರೂ ಹೇಳಿದ್ದಿಲ್ಲ.

ಹೋದ ಡಿಸೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯಲ್ಲಿದೆ ಅಂತ ಬಂತು. ನಡಿಗೆ ಸಾಲದು, ಸ್ವಲ್ಪ ಏದುಸಿರು ಬರುವ ಹಾಗೆ ಏನಾದರೂ ಮಾಡಿ ಅಂದರು ಡಾಕ್ಟರ್. ಬಿಪಿ, ಇಸಿಜಿ ನೋಡಿ ಓಡಬಹುದು ಅಂತಲೂ ಹೇಳಿದರು. ನಲವತ್ತು ದಾಟಿದವರು ಇದೊಂದನ್ನು ಮುಗಿಸಿಕೊಂಡೇ ಶುರು ಮಾಡಿ.

ಸಂಕ್ರಾಂತಿ ಮುಗಿದ ಮೇಲೆ ಮಗ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಬಿಟ್ಟಿ ಸಿಗುವಂಥವೂ ಬೇಕಾದಷ್ಟಿವೆ. ದುಡ್ಡು ಕೊಟ್ಟರೆ ಬಿಡದೆ ಮಾಡುತ್ತೇನೆ ಅಂತ ನಾನೇ 1,799 ರೂಪಾಯಿ ಕಟ್ಟಿದೆ. ಇಂಥ ಆ್ಯಪ್‌ಗಳಿಗೆಲ್ಲ ಮೂಲ ಒಂದೇ, ‘ಕೌಚ್ ಟು 5ಕೆ’. ಸೋಫಾದಿಂದ ಎದ್ದವರನ್ನು 5 ಕಿಲೋಮೀಟರ್ ಓಡಿಸುವ ಒಂಬತ್ತು ವಾರದ ಲೆಕ್ಕಾಚಾರ. ಜಾಶ್ ಕ್ಲಾರ್ಕ್ ಎಂಬಾತ 1996ರಲ್ಲಿ ಮಾಡಿದ್ದು. ಐವತ್ತು ದಾಟಿದ ತನ್ನ ಅಮ್ಮನನ್ನು ಓಡಿಸುವ ಆಸೆಯೂ ಅದರ ಹಿಂದೆ ಇತ್ತಂತೆ. ಅದನ್ನು ಓದಿ ನನಗೂ ಧೈರ್ಯ ಬಂತು.

ಮೊದಲ ವಾರ ನಿಜಕ್ಕೂ ಸುಲಭ. ಐದು ನಿಮಿಷ ಬಿರುಸಾಗಿ ನಡೆಯಬೇಕು. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ 20 ನಿಮಿಷ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಮೂರನೇ ವಾರಕ್ಕೆ ಮೂರು ನಿಮಿಷ, ನಾಲ್ಕನೇ ವಾರಕ್ಕೆ ಐದು ನಿಮಿಷ ಒಂದೇ ಸಮ ಓಡಿದೆ. ಮನೆಗೆ ಬಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇ ಓಡಾಡಿದ್ದು.

ತೊಂದರೆ ಇರುವುದು ಐದನೇ ವಾರದಲ್ಲಿ.

ಆ ವಾರದ ಮೊದಲ ದಿನ ಐದೈದು ನಿಮಿಷದ ಮೂರು ಓಟ. ಎರಡನೇ ದಿನ ಎಂಟೆಂಟು ನಿಮಿಷದ್ದು ಎರಡು. ಮೂರನೇ ದಿನ ಒಂದೇ ಓಟ, 20 ನಿಮಿಷ, ನಡುವೆ ನಡಿಗೆಯೇ ಇಲ್ಲ. ಎಂಟರಿಂದ ಇಪ್ಪತ್ತಕ್ಕೆ ನೆಗೆತ! ಎಂಟು ಆಯಿತು, ಮುಂದೆ ಹತ್ತು ಇರಬಹುದು, ಹನ್ನೆರಡು ಇರಬಹುದು ಅಂದುಕೊಂಡಿದ್ದ ನನಗೆ ಬೆಳಿಗ್ಗೆ ಐದೂವರೆಗೆ ಫೋನ್ ನೋಡಿದಾಗ ಎದೆ ಧಸಕ್ ಅಂತು. ಹಿಂದಿನ ಎರಡು ದಿನಗಳಲ್ಲೂ ಆಯಾ ದಿನದ ಓಟ ಕೂಡಿಸಿದರೆ 15, 16 ನಿಮಿಷ ಆಗಿಯೇ ಇರುತ್ತದೆ, ಕಷ್ಟ ಇರುವುದು ಮನಸ್ಸಿಗೆ, ದೇಹಕ್ಕಲ್ಲ ಅಂತ ಇದನ್ನು ಸಮರ್ಥಿಸುವವರಿದ್ದಾರೆ. ಇರಬಹುದು. ನನ್ನ ಮನಸ್ಸಿಗೇನೂ ಆಗಲಿಲ್ಲ. ಆದದ್ದು ಕಾಲಿಗೆ.

ಅವತ್ತು 14ನೇ ನಿಮಿಷಕ್ಕೆ ನಿಂತೆ. ಉಸಿರು ಕಟ್ಟಿ ನಿಂತಿದ್ದಲ್ಲ. ಮೊಣಕಾಲಿನಿಂದ ಕೆಳಗೆ, ಮೂಳೆಯ ಒಳಬದಿಗೆ, ಸುಟ್ಟ ಹಾಗೆ ಒಂದು ನೋವು. ಆ್ಯಪಿನಲ್ಲಿ ಆ ದಿನದ ಮುಂದೆ ಹಸಿರು ಟಿಕ್ ಬೀಳಲಿಲ್ಲ. ಆ ಟಿಕ್ ಇಲ್ಲದ್ದು ಎಷ್ಟು ಕಾಡಿತು ಅಂದರೆ, ಒಂದು ದಿನ ಬಿಟ್ಟು ಮತ್ತೆ ಓಡಿದೆ. 17 ನಿಮಿಷ. ಮತ್ತೆ ಒಂದು ದಿನ ಬಿಟ್ಟು ಹಲ್ಲು ಕಚ್ಚಿ ಇಪ್ಪತ್ತೂ ಮುಗಿಸಿದೆ. ಟಿಕ್ ಬಿತ್ತು. ಮಾರನೇ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ನಮ್ಮ ಮನೆಯವರು ಒಂದು ಮಾತೂ ಆಡದೆ ನೋವಿನೆಣ್ಣೆ ತಂದು ಟೀಪಾಯಿ ಮೇಲಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಶಿನ್ ಸ್ಪ್ಲಿಂಟ್ಸ್ ಅಂದರು, ಅಂದರೆ ಹೊರೆ ಜಾಸ್ತಿಯಾಗಿ ಮೊಣಕಾಲ ಕೆಳಗಿನ ಮೂಳೆಯುದ್ದಕ್ಕೂ ಬರುವ ನೋವು. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಜೀವ ಹೋಗುವಷ್ಟು ನೋವಿದ್ದರೆ ಮೂಳೆಯಲ್ಲಿ ಬಿರುಕಿರಬಹುದು. ನಿಮ್ಮದು ಉದ್ದಕ್ಕೂ ಹರಡಿದೆ, ಬಚಾವ್ ಅಂದರು. ಆಮೇಲೆ ಅವರು ಹೇಳಿದ ಒಂದು ಮಾತು ಯಾವ ಆ್ಯಪೂ ಹೇಳಿರಲಿಲ್ಲ. ಎರಡು ವರ್ಷ ನಡೆದಿದ್ದೀರಿ, ಅದಕ್ಕೇ ನಿಮಗೆ ಈ ಪಾಡು ಅಂದರು.

ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ನಡೆಯುವವರ ಹೃದಯ, ಶ್ವಾಸಕೋಶ ಆಗಲೇ ಒಂದಿಷ್ಟು ಪಳಗಿರುತ್ತವೆ. ಓಟ ಶುರು ಮಾಡಿದರೆ ಅವು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ನಡೆಯುವಾಗ ಯಾವಾಗಲೂ ಒಂದು ಕಾಲು ನೆಲದ ಮೇಲಿರುತ್ತದೆ. ಕಾಲಿಗೆ ಬೀಳುವ ಹೊರೆ ಮೈತೂಕಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಓಡುವಾಗ ಪ್ರತಿ ಹೆಜ್ಜೆಗೂ ಗಾಳಿಯಿಂದ ನೆಲಕ್ಕೆ ಬೀಳುತ್ತೇವೆ. ಆಗ ಹೊರೆ ಮೈತೂಕದ ಎರಡರಿಂದ ಮೂರು ಪಟ್ಟು. ನಾನು 68 ಕಿಲೋ. ಹೆಜ್ಜೆಗೆ ಒಂದೂವರೆ ಕ್ವಿಂಟಲ್ ಹತ್ತಿರ ಅಂದ ಹಾಗಾಯಿತು. ಸೋಫಾದಿಂದ ಎದ್ದು ಬಂದವರನ್ನು ಉಸಿರೇ ತಡೆದು ನಿಲ್ಲಿಸುತ್ತದೆ. ನನಗೆ ಆ ತಡೆ ಇರಲಿಲ್ಲ. ಉಸಿರು ನಡಿ ನಡಿ ಅಂತಿತ್ತು, ಕಾಲು ಹಿಂದೆ ಉಳಿದಿತ್ತು.

ಆಗ ಯೋಚಿಸಿದೆ. ಆ ಯೋಜನೆ ಸೋಫಾದವರಿಗೆ ಮಾಡಿದ್ದು. ಹೆಸರಲ್ಲೇ ಇದೆಯಲ್ಲ! ನನ್ನಂಥ ವಾಕಿಂಗ್‌ನವರು ಅದರ ಬೇರೆ ಬಾಗಿಲಿನಿಂದ ಒಳಗೆ ಬಂದವರು. ಐದನೇ ವಾರವನ್ನೇ ಎರಡು ಮೂರು ಸಲ ಎಳೆದು, ನಡುವೆ ಹತ್ತು, ಹದಿಮೂರು ನಿಮಿಷದ ದಿನಗಳನ್ನು ಸೇರಿಸಿಕೊಂಡಿದ್ದರೆ ಬಹುಶಃ ದಾಟಿಬಿಡುತ್ತಿದ್ದೆ. ಆದರೆ ನನ್ನ ಆ್ಯಪಿನಲ್ಲಿ ಅಂಥ ದಿನ ಸೇರಿಸಲು ಜಾಗವೇ ಇರಲಿಲ್ಲ.

ಮೂರು ವಾರ ಓಟ ಬಂದ್. ಬರೀ ನಡಿಗೆ.

ನೋವು ಹೋದ ಮೇಲೆ ಜಪಾನಿನವರ ನಿಧಾನ ಓಟವನ್ನು ಹತ್ತು ದಿನ ನೋಡಿದೆ. ಫುಕುವೋಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಎಂಬ ಪ್ರಾಧ್ಯಾಪಕರು ಹೇಳಿಕೊಟ್ಟ ಪದ್ಧತಿ. ಅವರ ವೇಗಕ್ಕೆ ಹೆಸರು ‘ನಿಕೋ ನಿಕೋ’. ಅಂದರೆ ಮುಗುಳ್ನಗುತ್ತಾ ಮಾತಾಡಿಕೊಂಡು ಹೋಗುವಷ್ಟು ವೇಗ. ನಡಿಗೆಯಷ್ಟೇ ನಿಧಾನ, ಆದರೆ ಓಟ. ಪುಟ್ಟ ಪುಟ್ಟ ಹೆಜ್ಜೆ, ನಿಮಿಷಕ್ಕೆ 180ರ ಆಸುಪಾಸು. ಹಿಮ್ಮಡಿ ಕುಟ್ಟಬಾರದು, ಪಾದದ ಮುಂಭಾಗ ಮೊದಲು ನೆಲಕ್ಕೆ ತಾಗಬೇಕು.

ಆ ಹಳೇ ನೋವು ಒಂದು ಚೂರೂ ಬರಲಿಲ್ಲ. ಮೀನಖಂಡ ಮೊದಲೆರಡು ದಿನ ಹಿಡಿದುಕೊಂಡಿತು, ಆಮೇಲೆ ಬಿಟ್ಟಿತು. ಇಷ್ಟೆಲ್ಲ ಚೆನ್ನಾಗಿದ್ದರೂ ಬಿಟ್ಟೆ. ಕಾರಣ ಶುದ್ಧ ನಾಚಿಕೆ. ನಾನು ಕೈ ಬೀಸಿಕೊಂಡು ಟುಕುಟುಕು ಓಡುತ್ತಿದ್ದೇನೆ, ಪೆನ್ಷನ್ ವಿಷಯ ಮಾತಾಡಿಕೊಂಡು ಬಂದ ಇಬ್ಬರು ಹಿರಿಯರು ನಡೆದುಕೊಂಡೇ ನನ್ನನ್ನು ದಾಟಿ ಹೋದರು. ಅದರಲ್ಲೊಬ್ಬರು ತಿರುಗಿ, “ಕಾಲಿಗೇನಾದ್ರೂ ಚುಚ್ಚಿತೇನಮ್ಮಾ?” ಅಂತ ಕೇಳಿದರು. ಅವರದು ಕಾಳಜಿಯೇ. ನನಗೆ ಮಾತ್ರ ಮಾರನೇ ದಿನ ಆ ಹೊತ್ತಿಗೆ ಕೆರೆಗೆ ಹೋಗಲು ಮನಸ್ಸಾಗಲಿಲ್ಲ. ನಾಚಿಕೆ ಇಲ್ಲದವರಿಗೆ, ಮೊಣಕಾಲು ಸೂಕ್ಷ್ಮ ಇರುವವರಿಗೆ ಇದು ಒಳ್ಳೆಯದೇ. ಜೂನ್, ಜುಲೈ ಮಳೆಯಲ್ಲಿ ಮನೆಯ ಹಾಲ್‌ನಲ್ಲೇ ಟಿವಿ ನೋಡಿಕೊಂಡು ಈ ಓಟ ಓಡಿದ್ದೇನೆ, ಯಾರೂ ದಾಟಿ ಹೋಗಲಿಲ್ಲ.

ಕಂಬದಿಂದ ಕಂಬಕ್ಕೆ ಓಡಿ ಅಂತ ಎದುರು ಮನೆ ಹುಡುಗ ಹೇಳಿದ್ದ. ಎರಡು ದಿನ ಮಾಡಿದೆ. ಒಂದು ಕಂಬ ಹತ್ತಿರ, ಇನ್ನೊಂದು ದೂರ. ಇನ್ನೊಂದೇ ಕಂಬ ಅನ್ನುವ ಆಸೆ ಬೇರೆ. ಮತ್ತೆ ಅದೇ ಹಸಿರು ಟಿಕ್ಕಿನ ಕಾಯಿಲೆ.

ಟ್ರೆಡ್‌ಮಿಲ್: ಸೆಕೆ, ದುಡ್ಡು, ಎದುರಿಗೆ ಗೋಡೆ. ಬೇಡ.

ಇನ್ನು ನನ್ನ ಪದ್ಧತಿಗೆ ಬರುತ್ತೇನೆ. ಇದನ್ನು ಬೆಳೆಸಿದವರು ಅಮೆರಿಕದ ಜೆಫ್ ಗ್ಯಾಲೊವೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಮನುಷ್ಯ. ಅಂಥವರೇ ನಡುನಡುವೆ ನಡೆಯಿರಿ ಅನ್ನುವಾಗ ನಮಗೇನು ಮರ್ಯಾದೆ ಹೋಗುವುದು, ಅಲ್ವಾ? ಆ್ಯಪಿನಲ್ಲೂ ನಡಿಗೆ ಇತ್ತಲ್ಲ ಅನ್ನಬಹುದು. ಇತ್ತು, ಆದರೆ ಅಲ್ಲಿ ನಡಿಗೆ ಊರುಗೋಲು. ವಾರ ವಾರಕ್ಕೆ ಅದನ್ನು ಕಿತ್ತುಕೊಳ್ಳುತ್ತಾ ಹೋಗುತ್ತಾರೆ. ಇಲ್ಲಿ ನಡಿಗೆ ಕೊನೆತನಕ ಇರುತ್ತದೆ. ಮ್ಯಾರಥಾನ್ ಓಡುವವರೂ ಹೀಗೆ ಓಡುತ್ತಾರೆ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಮೊದಲ ನಿಮಿಷದಿಂದಲೇ ನಡೆಯುವುದು. ಇದೇ ಗುಟ್ಟು.

ಏಪ್ರಿಲ್‌ನಲ್ಲಿ 15 ಸೆಕೆಂಡ್ ಓಟ, 45 ಸೆಕೆಂಡ್ ನಡಿಗೆಯಿಂದ ಶುರು ಮಾಡಿದೆ. ನಗು ಬರುವಷ್ಟು ಕಡಿಮೆ. ಕಾಲು ಮಾತಾಡದೆ ಇದ್ದಾಗ ಮಾತ್ರ ಮುಂದಕ್ಕೆ. ಎರಡು ವಾರಕ್ಕೆ 30 ಸೆಕೆಂಡ್ ಓಟ, ಒಂದು ನಿಮಿಷ ನಡಿಗೆ. ಮೇ ಕೊನೆಗೆ ಮೂವತ್ತಕ್ಕೆ ಮೂವತ್ತು.

ಕಿರಿಕಿರಿ ಇಲ್ಲವೇ ಇಲ್ಲ ಅಂತಲ್ಲ. ಮೂವತ್ತು ಸೆಕೆಂಡ್ ಆಯಿತು ಅಂತ ಗೊತ್ತಾಗುವುದು ಹೇಗೆ? ಫೋನಿನ ಬೀಪ್ ಹಾಕಿದರೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಾರೆ. ಇಯರ್‌ಫೋನ್ ಹಾಕಿದರೆ ಹಿಂದಿನಿಂದ ಯಾರು ಬಂದರೂ ತಿಳಿಯುವುದಿಲ್ಲ, ಬೆಳಗಿನ ಜಾವ ಒಬ್ಬಳೇ ಇರುವಾಗ ಅದು ನನಗೆ ಆಗದ ಮಾತು. 900 ರೂಪಾಯಿ ಕೊಟ್ಟು ಡಿಜಿಟಲ್ ವಾಚ್ ತಂದೆ. ಅದರಲ್ಲಿ ಸ್ಟಾಪ್‌ವಾಚ್ ಇದೆ, ಟೈಮರ್ ಇಲ್ಲ. ತಪ್ಪು ನನ್ನದೇ, ಡಬ್ಬಿ ಮೇಲೆ ಓದಿರಲಿಲ್ಲ. ನಸುಗತ್ತಲಲ್ಲಿ ಓಡುತ್ತಾ ಸೆಕೆಂಡ್ ನೋಡಲು ಹೋಗಿ ಒಮ್ಮೆ ಬೇರಿಗೆ ಎಡವಿದೆ.

ಕೊನೆಗೆ ಕೈಹಿಡಿದದ್ದು ಎಣಿಕೆ. ನನ್ನ ಓಟದಲ್ಲಿ ನಿಮಿಷಕ್ಕೆ ಸುಮಾರು 160 ಹೆಜ್ಜೆ. ಬಲಗಾಲು ಮಾತ್ರ ಎಣಿಸಿದರೆ 80. ಅರ್ಧ ನಿಮಿಷಕ್ಕೆ 40. ಬಿರುಸು ನಡಿಗೆಯಲ್ಲಿ ಬಲಗಾಲು ನಿಮಿಷಕ್ಕೆ 60, ಅರ್ಧ ನಿಮಿಷಕ್ಕೆ 30. ನಲವತ್ತು ಎಣಿಸುತ್ತಾ ಓಡು, ಮೂವತ್ತು ಎಣಿಸುತ್ತಾ ನಡಿ. ಅಜ್ಜಿ ಜಪಮಣಿ ಎಣಿಸುತ್ತಿದ್ದದ್ದು ನೆನಪಾಗುತ್ತದೆ. ಇನ್ನೂ ಒಂದು ಲಾಭ ಉಂಟು. ಎಣಿಕೆ ತಪ್ಪಿದರೆ ಅಥವಾ ಅಂಕಿಗಳು ಬಾಯಲ್ಲಿ ತೊದಲಿದರೆ ಜಾಸ್ತಿ ವೇಗ ಹೋಗುತ್ತಿದ್ದೇನೆ ಅಂತ ಅರ್ಥ. ತಕ್ಷಣ ನಿಧಾನ ಮಾಡುತ್ತೇನೆ.

ಈಗ ದಸರಾ ಹತ್ತಿರ ಬಂದಿದೆ. 80 ಎಣಿಸುವಷ್ಟು ಓಟ, 30 ಎಣಿಸುವಷ್ಟು ನಡಿಗೆಗೆ ಬಂದಿದ್ದೇನೆ. ಬರೀ ನಡೆದರೆ 5 ಕಿಲೋಮೀಟರಿಗೆ 55 ನಿಮಿಷ ಬೇಕಿತ್ತು. ಈಗ 42. ಅದೇ ಆ್ಯಪ್ ಹಿಡಿದು ಒಂಬತ್ತು ವಾರ ಮುಗಿಸಿದ ಆಫೀಸಿನ ಹುಡುಗಿ 36 ನಿಮಿಷಕ್ಕೆ ಮುಗಿಸುತ್ತಾಳೆ. ಅವಳಿಗೆ 26 ವರ್ಷ, ಅದಕ್ಕೆ ಮೊದಲು ವಾಕಿಂಗೂ ಮಾಡಿದವಳಲ್ಲ, ಐದನೇ ವಾರ ಅವಳಿಗೆ ಲೆಕ್ಕಕ್ಕೇ ಬರಲಿಲ್ಲವಂತೆ. ಅವಳನ್ನು ಕೇಳಿದರೆ ಈ ಹೋಲಿಕೆ ತಲೆಕೆಳಗಾಗಿ ಬರೆಯುತ್ತಾಳೆ. ದಿನಾ ಯಾರಾದರೂ ಇವತ್ತು ಇಷ್ಟು ಅಂತ ಹೇಳಿದರೆ ಮಾತ್ರ ಎದ್ದು ಹೋಗುವವರಿಗೆ ಆ್ಯಪೇ ಸರಿ. ಬಿಟ್ಟಿಯದ್ದೇ ಹಾಕಿಕೊಳ್ಳಿ.

ನನಗೆ ಬೆಳಿಗ್ಗೆ ಏಳು ಗಂಟೆಗೆ ಡಬ್ಬಿ ಕಟ್ಟಬೇಕು. ಕಾಲು ಹಿಡಿದು ಮೂರು ವಾರ ಕೂರುವ ಪುರುಸೊತ್ತಿಲ್ಲ. ಫಿಸಿಯೋಗೆ ಕೊಟ್ಟ ದುಡ್ಡು ಆ್ಯಪಿನ ಎರಡರಷ್ಟಾಯಿತು. ಹಾಗಾಗಿ ನನ್ನ ಆಯ್ಕೆ ಎಣಿಕೆ. ವಾರಕ್ಕೆ ಮೂರು ದಿನ ಓಟ, ಮೂರು ದಿನ ಗೆಳತಿಯರ ಜೊತೆ ಹಳೇ ವಾಕಿಂಗ್, ಭಾನುವಾರ ನಿದ್ದೆ. ಸಿಮೆಂಟ್ ರಸ್ತೆಗಿಂತ ಕೆರೆಯ ಮಣ್ಣಿನ ದಾರಿ.

ಶೂ ಬಗ್ಗೆ ಕೇಳುವವರಿಗೆ: 2,600 ರೂಪಾಯಿಯದ್ದು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಹೋಗಿ, ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಬಿಟ್ಟು ತೆಗೆದುಕೊಂಡೆ. ಮೊದಲು ಹಾಕುತ್ತಿದ್ದ ವಾಕಿಂಗ್ ಶೂ ಅಡಿ ಸವೆದು ನುಣ್ಣಗಾಗಿತ್ತು. ಕಾಲು ನೋವಿನಲ್ಲಿ ಅದರ ಪಾಲೂ ಇದ್ದೀತು, ಆ್ಯಪ್ ಒಂದನ್ನೇ ಬೈಯುವ ಹಾಗಿಲ್ಲ.

ಆ್ಯಪಿನ ಚಂದಾ ಜನವರಿವರೆಗೂ ಇದೆ. ಹೋದ ಶನಿವಾರ ಅದೇ ಇಬ್ಬರು ಹಿರಿಯರು ಮುಂದೆ ನಡೆಯುತ್ತಿದ್ದರು. ಮೂವತ್ತೇಳು, ಮೂವತ್ತೆಂಟು ಅನ್ನುವಷ್ಟರಲ್ಲಿ ಅವರನ್ನು ದಾಟಿದೆ. ನನ್ನ ನಡಿಗೆಯ ಸರದಿ ಬಂದಾಗ ಅವರು ಮತ್ತೆ ನನ್ನ ಪಕ್ಕಕ್ಕೆ ಬಂದರು. “ಓ, ಗುಣ ಆಯ್ತಾ ಕಾಲು?” ಅಂದರು.