ಅಳತೆ ಒಗಟುಗಳ ಕಿಟ್: ಎರಡು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಕಲಿಸುವ ನಾನು ಈ ಕಿಟ್ ಬಳಸಲು ತೊಡಗಿ ಎರಡು ವರ್ಷವಾಯಿತು. ಒಳಗಿರುವುದು 300, 400, 500, 600 ಮಿಲಿಲೀಟರಿನ ನಾಲ್ಕು ಪಾತ್ರೆಗಳು, ಒಂದು ತಕ್ಕಡಿ, 1, 3, 9, 27 ಗ್ರಾಮಿನ ತೂಕದ ಬಟ್ಟುಗಳು, ಎರಡು ಮರಳು ಗಡಿಯಾರಗಳು ಮತ್ತು ಒಗಟಿನ ಕಾರ್ಡುಗಳು. ಪಾತ್ರೆಗಳ ಮೇಲೆ ಅಳತೆಯ ಗೆರೆಗಳೇ ಇಲ್ಲ. ಅದು ಕೊರತೆಯೆಂದು ಮೊದಲು ಅನ್ನಿಸಿತ್ತು. ಈಗ ಗೆರೆಯಿದ್ದ ಕಿಟ್ಟನ್ನು ಉಚಿತವಾಗಿ ಕೊಟ್ಟರೂ ಬೇಡವೆನ್ನುತ್ತೇನೆ.

300 ಮತ್ತು 500ರ ಪಾತ್ರೆಗಳಿಂದ 400 ಅಳೆಯುವ ಒಗಟನ್ನೇ ನೋಡಿ. ಗೆರೆಯಿದ್ದರೆ ಮಗು ಕಣ್ಣಿನಿಂದ ಓದಿ ಮುಗಿಸುತ್ತದೆ. ಇಲ್ಲದಿದ್ದಾಗ, ದೊಡ್ಡದನ್ನು ತುಂಬಿ ಚಿಕ್ಕದಕ್ಕೆ ಸುರಿದರೆ ದೊಡ್ಡದರಲ್ಲಿ 200 ಉಳಿಯಿತು ಎಂಬುದನ್ನು ಮನಸ್ಸಿನಲ್ಲೇ ಹಿಡಿದಿಟ್ಟುಕೊಳ್ಳಬೇಕು. ಚಿಕ್ಕದನ್ನು ಖಾಲಿ ಮಾಡಿ, ಆ 200 ಅದಕ್ಕೆ ಹಾಕಿ, ದೊಡ್ಡದನ್ನು ಮತ್ತೆ ತುಂಬಿ, ಚಿಕ್ಕದು ತುಂಬುವಷ್ಟು ಮಾತ್ರ ಸುರಿದರೆ 400 ಉಳಿಯುತ್ತದೆ. ಆರು ಹೆಜ್ಜೆ. ಚಿಕ್ಕದರಿಂದ ಆರಂಭಿಸಿದವರಿಗೆ ಎಂಟು ಹೆಜ್ಜೆ ಬೇಕಾಯಿತು. ಯಾವ ದಾರಿ ಹತ್ತಿರದ್ದು ಎಂಬ ವಾದ ಮಕ್ಕಳಲ್ಲೇ ಹುಟ್ಟಿತು.

ನನ್ನ ಪಾಲಿಗೆ ಕಿಟ್ಟಿನ ಜೀವ ಇನ್ನೊಂದು ಕಾರ್ಡಿನಲ್ಲಿದೆ: 400 ಮತ್ತು 600ರಿಂದ 500 ಅಳೆಯಿರಿ. ಅದು ಆಗದ ಕೆಲಸವೆಂದು ಕಾರ್ಡು ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಒಂದು ಪೀರಿಯಡ್ ಪೂರ್ತಿ ನೀರು ಸುರಿದಾಡಿದರು. ಕೊನೆಗೆ ಒಬ್ಬ ಹುಡುಗಿ ತನಗೆ ಸಿಕ್ಕ ಅಳತೆಗಳನ್ನೆಲ್ಲ ಬರೆದು ತಂದಳು: 200, 400, 600. "ಟೀಚರ್, ಹೇಗೆ ಸುರಿದರೂ ಇನ್ನೂರರ ಲೆಕ್ಕದಲ್ಲೇ ಬರುತ್ತಿದೆ" ಎಂದಳು. ಎರಡೂ 200ರ ಅಪವರ್ತ್ಯಗಳು. ಕೂಡಿದರೂ ಕಳೆದರೂ 500 ಸಿಗದು. ಮುಂದೆ ಮಹತ್ತಮ ಸಾಮಾನ್ಯ ಅಪವರ್ತನ ಕಲಿಸುವಾಗ ನಾನು ಹೊಸ ಉದಾಹರಣೆ ಹುಡುಕಲಿಲ್ಲ.

ತಕ್ಕಡಿಯೂ ಚೆನ್ನಾಗಿದೆ. ನಾಲ್ಕೇ ಬಟ್ಟುಗಳಲ್ಲಿ 1ರಿಂದ 40 ಗ್ರಾಂವರೆಗೆ ಪ್ರತಿಯೊಂದು ಪೂರ್ಣ ತೂಕವನ್ನೂ ತೂಗಬಹುದು. ಆದರೆ ವಸ್ತುವಿರುವ ತಟ್ಟೆಗೂ ಬಟ್ಟು ಇಡಬಹುದೆಂದು ಹೊಳೆಯಬೇಕು: 5 ಗ್ರಾಮಿಗೆ ಒಂದು ಕಡೆ 9, ಇನ್ನೊಂದು ಕಡೆ ವಸ್ತುವಿನ ಜೊತೆ 3 ಮತ್ತು 1. ಅದು ಹೊಳೆಯುವವರೆಗೆ ಕಾಯುವುದು ಶಿಕ್ಷಕರಿಗೇ ಕಷ್ಟ.

ಮರಳು ಗಡಿಯಾರಗಳು ನಿರಾಸೆ ತಂದವು. ವರ್ಷದೊಳಗೆ ಒಂದರಲ್ಲಿ ಮರಳು ಗಂಟಾಗಿ ನಿಲ್ಲತೊಡಗಿತು. ಕಾರ್ಡುಗಳ ಹಿಂಬದಿಯಲ್ಲೇ ಉತ್ತರ ಮುದ್ರಿಸಿರುವುದು ದೊಡ್ಡ ತಪ್ಪು. ನಾನು ಎಲ್ಲದಕ್ಕೂ ಕಾಗದ ಅಂಟಿಸಿದ್ದೇನೆ. ಕೊಳ್ಳುವವರು ಮಕ್ಕಳ ಕೈಗೆ ಕೊಡುವ ಮೊದಲೇ ಹಾಗೆ ಮಾಡಿ, ನೆಲ ಒರೆಸಲು ಬಟ್ಟೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.