ರಾತ್ರಿ ಎರಡು ಗಂಟೆಯ ಜ್ವರಕ್ಕೆ ಸಿಕ್ಕ ಚಿಕಿತ್ಸೆ

ನಮ್ಮ ಯಜಮಾನರಿಗೆ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಎರಡನೆಯ ಕೀಮೋ ಆದ ಹತ್ತನೆಯ ದಿನ ರಾತ್ರಿ ಎರಡು ಗಂಟೆಗೆ ಚಳಿ ಹತ್ತಿ ನಡುಗತೊಡಗಿದರು. ಜ್ವರ 101.4 ಡಿಗ್ರಿ. ನನ್ನ ಕೈ ಪ್ಯಾರಸಿಟಮಾಲ್ ಇಟ್ಟಿದ್ದ ಡಬ್ಬಿಗೇ ಹೋಗಿತ್ತು. ಅಷ್ಟರಲ್ಲಿ ಕೀಮೋ ವಾರ್ಡಿನವರು ಕೊಟ್ಟಿದ್ದ ಹಳದಿ ಚೀಟಿ ಫ್ರಿಜ್ಜಿನ ಬಾಗಿಲ ಮೇಲೆ ಕಂಡಿತು: ‘ಜ್ವರ 100.4 ದಾಟಿದರೆ ಮಾತ್ರೆ ನುಂಗಿ ಕಾಯಬೇಡಿ, ಕೂಡಲೇ ಬನ್ನಿ.’ ಆಟೋ ಹಿಡಿದು ಹೊರಟೆವು.

ತುರ್ತು ವಿಭಾಗದಲ್ಲಿ ಆ ಚೀಟಿ ತೋರಿಸಿದ್ದೇ ತಡ, ನೇರ ಒಳಗೆ ಕರೆದುಕೊಂಡರು. ಸಿಸ್ಟರ್ ಎರಡೂ ತೋಳುಗಳಿಂದ ರಕ್ತ ತೆಗೆದು, ತಿಳಿಸಾರಿನಂಥ ದ್ರವವಿದ್ದ ಪುಟ್ಟ ಬಾಟಲಿಗಳಿಗೆ ತುಂಬಿಸಿದರು. ಆ್ಯಂಟಿಬಯೋಟಿಕ್ ಹೋದ ಮೇಲೆ ತೆಗೆದರೆ ಕಲ್ಚರಿನಲ್ಲಿ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ರೋಗಾಣು ಬೆಳೆಯದೆ ಹೋಗಬಹುದು, ಅದಕ್ಕೇ ಮೊದಲು ಇದು ಎಂದರು. ನಾವು ಬಾಗಿಲು ದಾಟಿದ ನಲವತ್ತು ನಿಮಿಷಕ್ಕೆ ಮೊದಲ ಡೋಸ್ ಇಳಿಯುತ್ತಿತ್ತು.

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಣಿಕೆ ಬರೀ 180. 500ಕ್ಕಿಂತ ಕೆಳಗಿಳಿದರೇ ಅಪಾಯ. ಈ ಕಣಗಳಿಲ್ಲದಿದ್ದರೆ ಸೋಂಕಿದ್ದರೂ ಕೀವು ಕಟ್ಟುವುದಿಲ್ಲ, ಎಷ್ಟೋ ಸಲ ಜ್ವರವೊಂದೇ ಸುಳಿವು.

ಎರಡು ಆ್ಯಂಟಿಬಯೋಟಿಕ್ ಏಕೆ ಎಂದು ಕೇಳಿದೆ. ಡ್ಯೂಟಿ ಡಾಕ್ಟರು ನಿಂತು ಉತ್ತರಿಸಿದರು: “ಸಾಮಾನ್ಯವಾಗಿ ಒಂದೇ ಸಾಕಮ್ಮ. ಇವರ ಬಿ.ಪಿ. 84ಕ್ಕೆ ಇಳಿದಿದೆ. ಯಾವ ರೋಗಾಣು ಎಂದು ತಿಳಿಯುವವರೆಗೆ ಎರಡನ್ನೂ ಕೊಡುತ್ತೇವೆ.” ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಆರು ಗಂಟೆಗೊಮ್ಮೆ 4.5 ಗ್ರಾಂ, ಅಮಿಕಾಸಿನ್ ದಿನಕ್ಕೊಮ್ಮೆ. ಎರಡನೆಯದು ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು. ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಯಲು ದಿನವೂ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ. ಬೆಳಗಿನ ಪಾಳಿಯ ಸಿಸ್ಟರ್ ಬಂದವರೇ ಕೇಳುತ್ತಿದ್ದರು, “ಸರ್, ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ?” ಒಂದು ದಿನವೂ ಮರೆಯಲಿಲ್ಲ.

ಮೂರನೆಯ ದಿನ ಕಲ್ಚರ್ ವರದಿ ಬಂತು: ಇ. ಕೋಲಿ, ಮೊದಲ ಔಷಧಕ್ಕೇ ಬಗ್ಗುವಂಥದ್ದು. ಅಂದು ಮಧ್ಯಾಹ್ನವೇ ಅಮಿಕಾಸಿನ್ ನಿಲ್ಲಿಸಿದರು. ಈ ಆಸ್ಪತ್ರೆಯ ಬಗ್ಗೆ ನನಗೆ ಎಲ್ಲಕ್ಕಿಂತ ಗೌರವ ಮೂಡಿದ್ದು ಇಲ್ಲಿ. ಬೇಕಾದಾಗ ಸೇರಿಸಿದರು, ಬೇಡವಾದ ಗಳಿಗೆಯೇ ತೆಗೆದರು.

ಬೇಸರವೂ ಇದೆ. ಬೆಳಗಿನ ಜಾವ ಮುಂಗಡ ಹಣ ಕಟ್ಟಲು ಮುಕ್ಕಾಲು ಗಂಟೆ ನಿಲ್ಲಿಸಿದರು. ಸದ್ಯ, ಸಿಸ್ಟರ್ ರಸೀದಿಗೆ ಕಾಯದೆ ವಾರ್ಡಿನ ದಾಸ್ತಾನಿನಿಂದಲೇ ಔಷಧ ಹಾಕಿದ್ದರು. ಬಿಡುಗಡೆಯ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹಳದಿ ಚೀಟಿಯ ಅಕ್ಷರಗಳು ಎಷ್ಟು ಸಣ್ಣವೆಂದರೆ ಆ ರಾತ್ರಿ ಕನ್ನಡಕ ಹುಡುಕಿ ಓದಬೇಕಾಯಿತು. ದಯವಿಟ್ಟು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ.

ಎಂಟನೆಯ ದಿನ ಎಣಿಕೆ 1,200ಕ್ಕೆ ಏರಿತು, ಮನೆಗೆ ಬಂದೆವು. ಮೂರನೆಯ ಕೀಮೋ ಬರುವ ಸೋಮವಾರ, ಅಲ್ಲಿಯೇ.