ತೋಟದ ಲೆಕ್ಕವನ್ನು ನೋಟ್ಸ್ ಆ್ಯಪಿನಲ್ಲಿ ಇಡುವವರು ಮಳೆ ಹಿಡಿಯುವ ಮೊದಲು ಇದನ್ನು ಓದಿ

ಚೆಕ್‌ರೋಲ್ ಎಂಬ ಕೆಲಸದವರ ಹಾಜರಿ ಪಟ್ಟಿ, ಮಳೆ ಲೆಕ್ಕ, ಗೊಬ್ಬರದ ಬಿಲ್ಲು, ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದೇವೆ ಎಂಬ ಪಟ್ಟಿ, ಇದನ್ನೆಲ್ಲ ಮೊಬೈಲಿನ ನೋಟ್ಸ್ ಆ್ಯಪಿನಲ್ಲೇ ಬರೆದಿಡುವವರು ನಮ್ಮ ಕಡೆ ಈಗ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೆಟ್‌ವರ್ಕ್ ಇಲ್ಲದಾಗ ನಿಮ್ಮ ಆ್ಯಪ್ ಏನು ಮಾಡುತ್ತದೆ? ಒಂದೇ ನೋಟಿನಲ್ಲಿ ಇಬ್ಬರು ಬರೆದರೆ ಯಾರದ್ದನ್ನು ಉಳಿಸುತ್ತದೆ? ನೀವು ಅದನ್ನು ಬಿಟ್ಟು ಹೊರಟರೆ ನಿಮ್ಮ ಬರಹವನ್ನು ಯಾವ ರೂಪದಲ್ಲಿ ಕೈಗೆ ಕೊಡುತ್ತದೆ? ಈ ಮೂರಕ್ಕೂ ಉತ್ತರ ಗೊತ್ತಾಗುವವರೆಗೆ ಕೂಲಿ ಲೆಕ್ಕದಂಥ ಮುಖ್ಯ ವಿಷಯವನ್ನು ಅದರಲ್ಲಿ ಬರೆಯಬೇಡಿ. ನಮಗೆ ಮೂರರಲ್ಲೂ ಪೆಟ್ಟು ಬಿತ್ತು.

ಆ ಆ್ಯಪಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಸರಿ ಇವೆ ಎಂದು ಓದಿದವರು ನೆಮ್ಮದಿಯಾಗಿಬಿಡುತ್ತಾರೆ. ಪರೀಕ್ಷೆ ಎಲ್ಲದಕ್ಕೂ ಬೇಕು.

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವಾಗ ಸಿಗುತ್ತದೆ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಇದೆ, ಮರಗಳಿಗೆ ಮೆಣಸಿನ ಬಳ್ಳಿ. ಮನೆ ಗುಡ್ಡದ ಒಂದು ಮಗ್ಗುಲಲ್ಲಿ, ಕೆಲಸದವರು ಇರುವ ಲೈನ್‌ಮನೆ ಮತ್ತು ಕಣ ಇನ್ನೊಂದು ಮಗ್ಗುಲಲ್ಲಿ. ಮನೆಯ ಜಗಲಿಯಲ್ಲಿ ಸಿಗ್ನಲ್ ಅಷ್ಟೋ ಇಷ್ಟೋ ಸಿಗುತ್ತದೆ, ಕೆಳಗಿನ ಬ್ಲಾಕುಗಳಲ್ಲಿ ಏನೂ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ದಿನವಿಡೀ ಆ ಕಡೆ, ನಾನು ಈ ಕಡೆ. ಒಬ್ಬರು ಬರೆದದ್ದು ಇನ್ನೊಬ್ಬರ ಫೋನಿನಲ್ಲಿ ಕಾಣುತ್ತದೆ ಎಂಬ ಕಾರಣಕ್ಕೇ ಆ ಆ್ಯಪನ್ನು ಹಾಕಿಕೊಂಡೆವು. ಕನ್ನಡದಲ್ಲಿ ಮಾತಾಡಿದರೆ ಟೈಪ್ ಆಗುತ್ತಿತ್ತು, ಬಿಲ್ಲಿನ ಫೋಟೋವನ್ನು ನೋಟಿನೊಳಗೇ ಸೇರಿಸಬಹುದಿತ್ತು. ನೆಟ್‌ವರ್ಕ್ ಇಲ್ಲದಿದ್ದರೂ ಬರೆಯಬಹುದು, ಬಂದಾಗ ತಾನೇ ಹೊಂದಿಸಿಕೊಳ್ಳುತ್ತದೆ ಎಂದು ಆ್ಯಪಿನ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಬೇಸಿಗೆ, ಒಂದು ಕೊಯ್ಲು ಏನೂ ತೊಂದರೆ ಇಲ್ಲದೆ ಕಳೆಯಿತು.

ಜುಲೈಯಲ್ಲಿ ಗಾಳಿಮಳೆಗೆ ಸಿಲ್ವರ್ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಕರೆಂಟ್ ಹೋದರೆ ಟವರ್ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ, ಡೀಸೆಲ್ ಇದ್ದರೆ ಇನ್ನೂ ಸ್ವಲ್ಪ ಹೊತ್ತು ನಡೆದು ನಿಂತುಹೋಗುತ್ತದೆ. ಇದು ಕೊಡಗಿನಲ್ಲಿ ಯಾರಿಗೂ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೆ ಹೋದದ್ದನ್ನು ನೋಡಿದವರು ನಾವು. ಅಂಥ ಅನಾಹುತ ಆಗದ ವರ್ಷದಲ್ಲೂ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಸಿಗ್ನಲ್ ಇಲ್ಲದಿರುವುದು ಇಲ್ಲಿ ಸಾಮಾನ್ಯ. ಇಲ್ಲಿ ನೆಟ್‌ವರ್ಕ್ ಇಲ್ಲದಾಗ ನಡೆಯಬೇಕಾದದ್ದೇ ಆ್ಯಪಿನ ಮುಖ್ಯ ಕೆಲಸ.

ಆ ವಾರ ರೈಟರ್ ಎಂದಿನಂತೆ ಪ್ರತಿ ಸಂಜೆ ಹಾಜರಿ ಹಾಕಿದರು. ಯಾರು ಕಳೆಗೆ, ಯಾರು ಬಳ್ಳಿ ಕಟ್ಟಲು, ಯಾರಿಗೆ ಅರ್ಧ ದಿನ, ಎಲ್ಲ. ಕಣದ ಹತ್ತಿರ ಇರುವ ಮಳೆಮಾಪಕವನ್ನು ಬೆಳಿಗ್ಗೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಎಂದು ಅದೇ ನೋಟಿನಲ್ಲಿ ಬರೆದರು. ನಾನು ಮನೆಯಲ್ಲಿ ಕೂತು ಅದೇ ವಾರದ ನೋಟಿನ ಕೊನೆಗೆ ಅಡ್ವಾನ್ಸ್ ಕೊಟ್ಟದ್ದು, ಡೀಸೆಲ್ಲಿಗೆ ಕೊಟ್ಟದ್ದು ಸೇರಿಸಿದೆ. ಎರಡೂ ಫೋನಿನಲ್ಲಿ ಅವರವರು ಬರೆದದ್ದು ಅವರವರಿಗೆ ಕಾಣುತ್ತಿತ್ತು. ಮೇಲೆ 'ಉಳಿಸಲಾಗಿದೆ' ಎಂಬ ಗುರುತೂ ಇತ್ತು.

ನಾನು ಕುಶಾಲನಗರಕ್ಕೆ ಹೋದಾಗ ನನ್ನ ಫೋನಿಗೆ ಮೊದಲು ನೆಟ್‌ವರ್ಕ್ ಸಿಕ್ಕಿತು. ನನ್ನ ಪ್ರತಿ ಕಂಪನಿಯ ಸರ್ವರ್ ಸೇರಿತು. ಅದರಲ್ಲಿ ಹಾಜರಿ ಇದ್ದದ್ದು ಕರೆಂಟ್ ಹೋಗುವ ಹಿಂದಿನ ದಿನದವರೆಗೆ ಮಾತ್ರ, ಯಾಕೆಂದರೆ ಆಮೇಲೆ ರೈಟರು ಬರೆದದ್ದು ನನ್ನ ಫೋನಿಗೆ ಬಂದೇ ಇರಲಿಲ್ಲ. ಮರುದಿನ ಟವರ್ ಎದ್ದು ರೈಟರ ಫೋನಿಗೂ ಸಿಗ್ನಲ್ ಬಂತು. ಆಗ ಆ ಆ್ಯಪ್ ಎರಡು ಪ್ರತಿಗಳನ್ನೂ ಇಟ್ಟುಕೊಂಡು 'ಇಲ್ಲಿ ವ್ಯತ್ಯಾಸ ಇದೆ, ನೋಡಿ' ಎಂದು ಕೇಳಬೇಕಿತ್ತು. ಹಾಗೆ ಕೇಳಲಿಲ್ಲ. ಸರ್ವರಿನಲ್ಲಿ ಇರುವುದೇ ಹೊಸದು ಎಂದು ತಾನೇ ತೀರ್ಮಾನಿಸಿ, ರೈಟರ ಫೋನಿನಲ್ಲಿದ್ದ ಇಡೀ ನೋಟನ್ನು ತೆಗೆದು ಆ ಜಾಗದಲ್ಲಿ ನನ್ನ ಪ್ರತಿಯನ್ನು ಇಳಿಸಿತು. ಅವರು ಅಷ್ಟು ದಿನ ಬರೆದದ್ದು ಎಲ್ಲಿಗೂ ಹೋಗಿ ಸೇರುವ ಮೊದಲೇ ಅಳಿದುಹೋಯಿತು.

ಇದು ಗೊತ್ತಾದದ್ದು ಬಟವಾಡೆಯ ಹೊತ್ತಿಗೆ. ಸಂತೆಗೆ ಹೋಗುವ ಆತುರದಲ್ಲಿ ಎಲ್ಲರೂ ಜಗಲಿಯ ಮುಂದೆ ನಿಂತಿದ್ದರು, ಕೊಡೆಗಳಿಂದ ನೀರು ಇಳಿಯುತ್ತಿತ್ತು. ರೈಟರು ಫೋನ್ ತೆರೆದರು. ಮೇಲೆ ಕೆಳಗೆ ಜಾರಿಸಿದರು, ಮುಚ್ಚಿ ಮತ್ತೆ ತೆರೆದರು. 'ಬರೆದಿದ್ದೆ ಅಮ್ಮಾ, ದಿನಾ ಬರೆದಿದ್ದೆ' ಎಂದು ನನ್ನ ಮುಖ ನೋಡಿ ಹೇಳಿದರು. ಅವರು ಬರೆದಿದ್ದರು ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಆದರೆ ಎದುರು ನಿಂತವರಿಗೆ ಕಂಡದ್ದು ಲೆಕ್ಕ ಇಲ್ಲದ ಫೋನು ಹಿಡಿದು ನಿಂತ ರೈಟರ್ ಮಾತ್ರ. ನಮ್ಮ ಮಾವನವರ ಕಾಲದಿಂದ ಈ ತೋಟದಲ್ಲಿ ಒಂದು ಹಾಜರಿಯೂ ತಪ್ಪಿಸದ ಮನುಷ್ಯ, ಆವತ್ತು ಎಲ್ಲರ ಮುಂದೆ ಬೆಪ್ಪಾಗಿ ನಿಲ್ಲಬೇಕಾಯಿತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಲೆಕ್ಕ ಕಳೆದುಹೋಗಿದೆ ಎಂದು ಕೂಲಿ ಕೊಡುವವರು ಹೇಳಿದರೆ, ಅದು ಕೂಲಿ ಮುರಿಯಲು ಹೂಡಿದ ನೆಪ ಎಂದು ಕೆಲಸದವರಿಗೆ ಅನ್ನಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೂ ಅವರೇ ನೆನಪು ಮಾಡಿಕೊಂಡು ಹೇಳಿದರು. 'ನನಗೆ ಗುರುವಾರ ಅರ್ಧ ದಿನ ಅಮ್ಮಾ, ಮಗೂಗೆ ಜ್ವರ ಅಂತ ಮಧ್ಯಾಹ್ನ ಹೋದೆ' ಎಂದು ಒಬ್ಬಾಕೆ ತಾನಾಗಿ ಹೇಳಿದಳು. ಇನ್ನೊಬ್ಬರು ಲೈನ್‌ಮನೆಯಿಂದ ಕ್ಯಾಲೆಂಡರನ್ನೇ ತಂದು ತೋರಿಸಿದರು, ಹೋದ ದಿನಗಳಿಗೆಲ್ಲ ಪೆನ್ಸಿಲ್ ಗೀಟು. ಅಸ್ಸಾಂನಿಂದ ಹೊಸದಾಗಿ ಬಂದಿದ್ದ ಹುಡುಗರಿಗೆ ಮಾತ್ರ ವಾರದ ಲೆಕ್ಕ ಹೇಳಲು ಭಾಷೆಯೂ ಅಡ್ಡ ಬಂತು. ಸಂಶಯ ಇದ್ದ ಕಡೆಯೆಲ್ಲ ಪೂರ್ತಿ ದಿನದ ಕೂಲಿ ಕೊಟ್ಟೆವು. ಬೇರೆ ದಾರಿ ಇರಲಿಲ್ಲ.

ಮಳೆ ಲೆಕ್ಕ ಮಾತ್ರ ಹೋದದ್ದು ಹೋಯಿತು. ಮಳೆಮಾಪಕದ ನೀರನ್ನು ಅಳೆದ ಮೇಲೆ ಚೆಲ್ಲುತ್ತೇವೆ, ಅದನ್ನು ಮತ್ತೆ ಅಳೆಯಲಾಗುವುದಿಲ್ಲ. ಪಕ್ಕದ ತೋಟದವರ ಲೆಕ್ಕವನ್ನು ತಂದು ಬರೆದುಕೊಂಡರೆ ಪ್ರಯೋಜನವಿಲ್ಲ, ನಡುವೆ ಒಂದು ಗುಡ್ಡ ಇದ್ದರೆ ಸಾಕು, ಮಳೆ ಬೇರೆಯೇ ಆಗಿರುತ್ತದೆ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಫಿಯವರಿಗೆ ಹಾಗಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಅದರ ಹಿಂದೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸರಿಯಾಗಿ ಆಯಿತೇ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕುವ ತೀರ್ಮಾನ ನಿಂತಿರುತ್ತದೆ. ಮಳೆ ಹಿಡಿಯುವ ಮೊದಲು ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಎಷ್ಟು ಇಂಚು ಮಳೆಯಲ್ಲಿ ತೊಳೆದುಹೋಯಿತು ಎಂದು ನೋಡಿಕೊಂಡು, ಕೊಳೆ ರೋಗಕ್ಕೆ ನಡುವಿನ ಬಿಡುವಿನಲ್ಲಿ ಇನ್ನೊಮ್ಮೆ ಹೊಡೆಯಬೇಕೇ ಬೇಡವೇ ಎಂದು ನಿರ್ಧರಿಸುತ್ತೇವೆ. ಇಲ್ಲಿನ ಹಳೆಯ ತೋಟಗಳಲ್ಲಿ ತಲೆಮಾರುಗಳ ಮಳೆ ಪುಸ್ತಕ ಇರುವುದು ಸುಮ್ಮನೆ ಅಲ್ಲ. ನಮ್ಮ ಲೆಕ್ಕದಲ್ಲಿ ಆ ಜುಲೈಯ ಒಂದು ವಾರ ಶಾಶ್ವತವಾಗಿ ಖಾಲಿ.

ಕಂಪನಿಗೆ ಬರೆದೆ. ಹಳೆಯ ಪ್ರತಿಗಳನ್ನು ನೋಡುವ ಸೌಲಭ್ಯ ಹಣ ಕಟ್ಟಿದವರಿಗೆ ಮಾತ್ರ ಎಂದು ಉತ್ತರ ಬಂತು. ವರ್ಷದ ಚಂದಾ ಕಟ್ಟಿದೆ. ತೆರೆದು ನೋಡಿದರೆ ಸರ್ವರಿಗೆ ತಲುಪಿದ ಪ್ರತಿಗಳು ಮಾತ್ರ ಅಲ್ಲಿದ್ದವು. ರೈಟರ ಫೋನಿನಿಂದ ಹೊರಗೆ ಹೋಗದೇ ಅಳಿದ ಬರಹ ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಇದು ಅವರಿಗೆ ಮೊದಲೇ ಗೊತ್ತಿರಬೇಕಾದ ಸಂಗತಿ. ನಾನು ನಡೆದದ್ದನ್ನು ಪೂರ್ತಿ ವಿವರಿಸಿಯೇ ಬರೆದಿದ್ದೆ. ಆದರೂ ಹಣ ಕಟ್ಟಿ ಎಂದರು. ಹಣ ವಾಪಸ್ ಕೇಳಿದ್ದಕ್ಕೆ ನಿಯಮದಲ್ಲಿ ಇಲ್ಲ ಎಂದರು.

ಬಿಟ್ಟು ಬರೋಣ ಎಂದು ಹೊರಟಾಗ ಇನ್ನೊಂದು ಗೋಳು. ಬರಹಗಳನ್ನು ಒಟ್ಟಿಗೆ ಹೊರಗೆ ತೆಗೆದರೆ ಅವರದ್ದೇ ಬಗೆಯ ಒಂದು ಫೈಲ್ ಬರುತ್ತದೆ, ಬೇರೆ ಯಾವುದರಲ್ಲೂ ಅದು ತೆರೆಯುವುದಿಲ್ಲ. ಪಿಡಿಎಫ್ ತೆಗೆದರೆ ಕನ್ನಡ ಚೆದುರಿಹೋಗಿತ್ತು. 'ಮೈಲುತುತ್ತ' ಎಂದು ಬರೆದಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದಿತ್ತು, ಕೆಲವು ಹೆಸರುಗಳ ಜಾಗದಲ್ಲಿ ಬರೀ ಚೌಕಗಳು. ಬಿಲ್ಲಿನ ಫೋಟೋಗಳು ಬರಲೇ ಇಲ್ಲ, ಅವುಗಳ ಬದಲು ಅದೇ ಕಂಪನಿಯ ಸರ್ವರಿಗೆ ಹೋಗುವ ಲಿಂಕ್. ಖಾತೆ ಮುಚ್ಚಿದರೆ ಆ ಲಿಂಕೂ ಸಾಯುತ್ತದೆ. ಕೊನೆಗೆ ಒಂದೊಂದೇ ನೋಟು ತೆರೆದು, ಬರಹವನ್ನು ಕಾಪಿ ಮಾಡಿ, ಫೋಟೋಗಳನ್ನು ಒಂದೊಂದಾಗಿ ಇಳಿಸಿಕೊಂಡೆವು.

ದೊಡ್ಡ ಹೆಸರಿನ ಆ್ಯಪ್ ಆದರೆ ಭಯವಿಲ್ಲ ಎನ್ನುವವರಿಗೆ ಒಂದೆರಡು ಹಳೆಯ ಸಂಗತಿ ನೆನಪಿಸುತ್ತೇನೆ. ಗೂಗಲ್ ನೋಟ್‌ಬುಕ್ 2012ರಲ್ಲಿ ನಿಂತಿತು. ಸ್ಪ್ರಿಂಗ್‌ಪ್ಯಾಡ್ 2014ರಲ್ಲಿ ಮುಚ್ಚಿತು. ಕೆಲಸದ ಪಟ್ಟಿ ಬರೆಯಲು ಬಹಳ ಜನ ನೆಚ್ಚಿಕೊಂಡಿದ್ದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರಲ್ಲಿ ನಿಲ್ಲಿಸಿತು. 2008ರಿಂದ ಇರುವ ಎವರ್‌ನೋಟ್, ಇಟಲಿಯ ಕಂಪನಿಯೊಂದರ ಕೈಗೆ ಹೋದ ಮೇಲೆ 2023ರ ಡಿಸೆಂಬರಿನಿಂದ ಉಚಿತ ಬಳಕೆಯನ್ನು 50 ನೋಟು ಮತ್ತು ಒಂದು ನೋಟ್‌ಬುಕ್ಕಿಗೆ ಇಳಿಸಿತು. ನಿಯಮ ಯಾವಾಗ ಬೇಕಾದರೂ ಬದಲಾಗಬಹುದು. ಅದಕ್ಕೇ ಒಳಗೆ ಬರೆಯುವ ಅನುಕೂಲಕ್ಕಿಂತ ಹೊರಗೆ ತೆಗೆಯುವ ಅನುಕೂಲವನ್ನು ಮೊದಲು ನೋಡಿ ಎನ್ನುತ್ತೇನೆ.

ಹಾಗಾದರೆ ಯಾವುದು ಹಾಕಿಕೊಳ್ಳುವುದು ಎಂದು ಕೇಳುವವರಿಗೆ, ನಾನು ಹುಡುಕಿ ನೋಡಿದ್ದನ್ನು ಹೇಳುತ್ತೇನೆ. ಸಾಮಾನು ಪಟ್ಟಿ, ಫೋನ್ ನಂಬರು, ಔಷಧಿ ಅಂಗಡಿಯ ಚೀಟಿ ಇಂಥವಕ್ಕೆ ಗೂಗಲ್ ಕೀಪ್ ಸಾಕು. ನೆಟ್‌ವರ್ಕ್ ಇಲ್ಲದಾಗಲೂ ಫೋನಿನಲ್ಲಿ ತೆರೆಯುತ್ತದೆ. ಟೇಕ್‌ಔಟ್ ಎಂಬ ಗೂಗಲ್ ಸೌಲಭ್ಯದಿಂದ ಎಲ್ಲವನ್ನೂ, ಫೋಟೋ ಸಮೇತ, ಬ್ರೌಸರಿನಲ್ಲಿ ಓದುವಂತೆ ಇಳಿಸಿಕೊಳ್ಳಬಹುದು. ಆದರೆ ಅಳಿಸಿದ ನೋಟು ಕಸದ ಬುಟ್ಟಿಯಲ್ಲಿ ಇರುವುದು 7 ದಿನ ಮಾತ್ರ, ಅದು ನೆನಪಿರಲಿ. ವರ್ಷಗಟ್ಟಲೆ ಉಳಿಯಬೇಕಾದ ಲೆಕ್ಕಕ್ಕೆ ನನಗೆ ಒಪ್ಪಿಗೆಯಾದದ್ದು ಜಾಪ್ಲಿನ್ ಮತ್ತು ಒಬ್ಸಿಡಿಯನ್. ಈ ಎರಡೂ ಆ್ಯಪ್ ನೋಟನ್ನು ಮೊದಲು ನಿಮ್ಮ ಫೋನಿನಲ್ಲೇ ಇಡುತ್ತವೆ. ಒಬ್ಸಿಡಿಯನ್ ಬರೆದದ್ದನ್ನು ಸಾದಾ ಬರಹದ ಫೈಲಾಗಿಯೇ ಇಡುವುದರಿಂದ ನಾಳೆ ಆ್ಯಪ್ ಇಲ್ಲದಿದ್ದರೂ ಬೇರೆಯದರಲ್ಲಿ ತೆರೆಯುತ್ತದೆ. ಜಾಪ್ಲಿನ್‌ನಲ್ಲಿ ಒಂದೇ ನೋಟು ಎರಡು ಕಡೆ ಬದಲಾಗಿದ್ದರೆ, ಹೊಂದದ ಪ್ರತಿಯನ್ನು ಅಳಿಸುವುದಿಲ್ಲ, ಅದಕ್ಕೆಂದೇ ಇರುವ ಬೇರೆ ನೋಟ್‌ಬುಕ್ಕಿನಲ್ಲಿ ಎತ್ತಿಡುತ್ತದೆ. ನಮ್ಮ ರೈಟರಿಗೆ ಆವತ್ತು ಬೇಕಾಗಿದ್ದದ್ದು ಇಷ್ಟೇ. ಎರಡೂ ನೋಡಲು ಅಷ್ಟೇನೂ ಚೆಂದ ಇಲ್ಲ, ಹೊಂದಿಸಿಕೊಳ್ಳಲು ಮೊದಲ ದಿನ ಸ್ವಲ್ಪ ತಾಳ್ಮೆ ಬೇಕು, ಮನೆಯ ಕಾಲೇಜು ಹುಡುಗರ ಸಹಾಯ ತೆಗೆದುಕೊಳ್ಳಿ. ನೋಷನ್ ಪಟ್ಟಣದಲ್ಲಿ ಇರುವವರಿಗೆ ಹಿಡಿಸಬಹುದು. ನೆಟ್‌ವರ್ಕ್ ಇಲ್ಲದೆ ಬಳಸುವ ಸೌಲಭ್ಯ ಅದಕ್ಕೆ ಬಂದದ್ದೇ 2025ರ ಆಗಸ್ಟ್‌ನಲ್ಲಿ.

ನೀವು ಯಾವುದನ್ನೇ ಆರಿಸಿ, ನಿಜವಾದ ಲೆಕ್ಕ ಬರೆಯುವ ಮೊದಲು ಇದನ್ನು ಮಾಡಿ ನೋಡಿ. ಎರಡು ಫೋನಿನಲ್ಲಿ ಒಂದೇ ನೋಟು ತೆರೆದು, ಎರಡನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ಒಂದರಲ್ಲಿ ಒಂದು ಸಾಲು, ಇನ್ನೊಂದರಲ್ಲಿ ಬೇರೆ ಸಾಲು ಬರೆಯಿರಿ. ಎರಡೂ ಆ್ಯಪನ್ನು ಪೂರ್ತಿ ಮುಚ್ಚಿ, ಫೋನ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ಮೊದಲು ಒಂದಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದಕ್ಕೆ ನೆಟ್‌ವರ್ಕ್ ಕೊಡಿ. ಎರಡೂ ಸಾಲು ಉಳಿದಿದ್ದರೆ, ಇಲ್ಲವೇ ಎರಡು ಪ್ರತಿ ಇಟ್ಟುಕೊಂಡು ನಿಮ್ಮನ್ನು ಕೇಳಿದರೆ ಸರಿ. ಒಂದು ಸಾಲು ಮಾಯವಾಗಿದ್ದರೆ ಆ ಆ್ಯಪನ್ನು ತೋಟದ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಹಾಗೆಯೇ ಒತ್ತಕ್ಷರ ಇರುವ ಕನ್ನಡದ ನೋಟು ಒಂದನ್ನು, ಫೋಟೋ ಸೇರಿಸಿ, ಹೊರಗೆ ತೆಗೆದು ಬೇರೆ ಫೋನಿನಲ್ಲಿ ಓದಿ ನೋಡಿ.

ನಾವೀಗ ಒಂದೇ ನೋಟಿನಲ್ಲಿ ಇಬ್ಬರು ಬರೆಯುವುದನ್ನು ನಿಲ್ಲಿಸಿದ್ದೇವೆ. ಹಾಜರಿ ಮತ್ತು ಮಳೆಯ ನೋಟಿಗೆ ರೈಟರು ಮಾತ್ರ ಕೈ ಹಾಕುತ್ತಾರೆ, ಅಡ್ವಾನ್ಸಿನ ನೋಟು ನನ್ನದು. ತಿಂಗಳ ಕೊನೆಗೆ ಎಲ್ಲವನ್ನೂ ಹೊರಗೆ ತೆಗೆದು ಪೆನ್‌ಡ್ರೈವಿಗೆ ಹಾಕುತ್ತೇನೆ.

ಈಗಾಗಲೇ ಯಾವುದೋ ಆ್ಯಪಿನಲ್ಲಿ ಇಬ್ಬರು ಬರೆಯುತ್ತಿದ್ದು, ಮಳೆಯಲ್ಲಿ ಕೆಲವು ದಿನ ನೆಟ್‌ವರ್ಕ್ ಹೋಗಿದ್ದರೆ, ಟವರ್ ಬರುವ ಮೊದಲೇ ಎರಡೂ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಆ ದಿನಗಳಲ್ಲಿ ಬರೆದ ನೋಟುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಗ್ಯಾಲರಿಯಲ್ಲಿ ಅವು ಬಿದ್ದಿವೆಯೇ ಎಂದು ನೋಡಿದ ಮೇಲೆಯೇ ನೆಟ್‌ವರ್ಕ್ ಆನ್ ಮಾಡಿ.